ಇಂಟರ್ನೆಟ್ ಇಲ್ಲದ ಲಿನಕ್ಸ್ ಲ್ಯಾಪ್‌ಟಾಪ್‌ಗೆ ವೈಫೈ ಡ್ರೈವರ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಹಾಕಿಯಾಯಿತು, ವೈಫೈ ಇಲ್ಲ. ವೈಫೈ ಡ್ರೈವರ್ ಇಳಿಸಿಕೊಳ್ಳೋಣವೆಂದರೆ ಅದಕ್ಕೂ ಇಂಟರ್ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಪರಿಸ್ಥಿತಿ. ಸ್ನೇಹಿತರು, ವಿದ್ಯಾರ್ಥಿಗಳು, ಓದುಗರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಅವರ ಮಾತುಗಳಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ಮುಖ್ಯವಾಗಿ ಉಬುಂಟು, ಲಿನಕ್ಸ್ ಮಿಂಟ್ ಮತ್ತು ಡೆಬಿಯನ್ ಎಂಬ ಲಿನಕ್ಸ್ ವಿತರಣೆಗಳನ್ನು ಬಳಸುವವರಿಗೆ.

ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್ ಎಂಬ ಕಮಾಂಡ್ ಕಿಟಕಿಯಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ‘ಎಲ್‌ಎಸ್‌ಪಿಸಿಐ’ ಎಂದಿದ್ದರೆ ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳು, ನಡುವೆ ಜಾಗವಿಲ್ಲ.

## ಮೊದಲ ಹೆಜ್ಜೆಗಳು

ವೈಫೈ ಇಲ್ಲ, ಲ್ಯಾನ್ ಪೋರ್ಟೂ ಇಲ್ಲ. ಲ್ಯಾಪ್‌ಟಾಪನ್ನು ಇಂಟರ್ನೆಟ್‌ಗೆ ಸೇರಿಸಲು ಬೇರೆ ದಾರಿಯೇ ಇಲ್ಲವೇ?

ಇದೆ. ಬಹಳಷ್ಟು ಮಂದಿಗೆ ಈ ಉತ್ತರದಿಂದ ಮುಂದೆ ಓದುವ ಅಗತ್ಯವೇ ಬೀಳುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಹಾಟ್‌ಸ್ಪಾಟ್ ಮತ್ತು ಟೆದರಿಂಗ್’ ಇರುವಲ್ಲಿಗೆ ಹೋಗಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಕೆಲವೇ ಕ್ಷಣಗಳಲ್ಲಿ ಲ್ಯಾಪ್‌ಟಾಪ್ ಅದನ್ನು ಲ್ಯಾನ್ ಸಂಪರ್ಕವೆಂದೇ ತಿಳಿದು ಇಂಟರ್ನೆಟ್‌ಗೆ ಸೇರಿಕೊಳ್ಳುತ್ತದೆ. ಇದಕ್ಕೆ ಬೇಕಾದ ಡ್ರೈವರ್‌ಗಳು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಜೊತೆಗೇ ಬಂದಿರುತ್ತವೆ. ನೀವು ಏನನ್ನೂ ಹಾಕಬೇಕಾಗಿಲ್ಲ. ಲಿನಕ್ಸ್ ಇನ್ನೂ ಇನ್‌ಸ್ಟಾಲ್ ಮಾಡದೆ ಲೈವ್ ಪೆನ್‌ಡ್ರೈವ್‌ನಿಂದ ನಡೆಸುತ್ತಿದ್ದರೂ ಇದು ಕೆಲಸ ಮಾಡುತ್ತದೆ.

ಸಂಪರ್ಕ ಸಿಕ್ಕಿದ ಮೇಲೆ ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ. ಕಾರ್ಡ್‌ಗೆ ಬೇಕಾದ ಪ್ಯಾಕೇಜ್ ಇದ್ದರೆ ಅದೇ ತೋರಿಸುತ್ತದೆ.

ಫೋನಿನ ಬದಲು ಯುಎಸ್‌ಬಿಯಿಂದ ಲ್ಯಾನ್‌ಗೆ ಹೋಗುವ ಅಡಾಪ್ಟರ್ ಕೂಡ ಆಗುತ್ತದೆ. ರಿಯಲ್‌ಟೆಕ್ ಆರ್‌ಟಿಎಲ್8153, ಎಎಸ್‌ಐಎಕ್ಸ್ ಎಎಕ್ಸ್88179 ಚಿಪ್‌ಗಳಿರುವ ಅಡಾಪ್ಟರ್‌ಗಳನ್ನು ಲಿನಕ್ಸ್ ಚುಚ್ಚಿದ ಕೂಡಲೇ ಗುರುತಿಸುತ್ತದೆ.

ಯುಎಸ್‌ಬಿ ಟೆದರಿಂಗ್ ಗುಂಡಿ ಮಸುಕಾಗಿದೆ, ಒತ್ತಲು ಬರುತ್ತಿಲ್ಲ. ಏಕೆ?

ಕೇಬಲ್ ಬದಲಿಸಿ. ಅಗ್ಗದ ಕೇಬಲ್‌ಗಳಲ್ಲಿ ಚಾರ್ಜ್ ಮಾಡುವ ತಂತಿಗಳಷ್ಟೇ ಇರುತ್ತವೆ, ಡೇಟಾ ತಂತಿಗಳು ಇರುವುದಿಲ್ಲ. ಫೋನ್ ಚಾರ್ಜ್ ಆಗುತ್ತಿದೆ ಎಂಬುದು ಕೇಬಲ್ ಸರಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಐಫೋನ್ ಆದರೆ ‘ಪರ್ಸನಲ್ ಹಾಟ್‌ಸ್ಪಾಟ್’ ಆನ್ ಮಾಡಿ ಕೇಬಲ್ ಚುಚ್ಚಿ, ‘ಈ ಕಂಪ್ಯೂಟರನ್ನು ನಂಬಬಹುದೇ’ ಎಂದು ಫೋನ್ ಕೇಳಿದಾಗ ಒಪ್ಪಿಗೆ ಕೊಡಿ.

ಟೆದರಿಂಗ್ ಮಾಡಿದರೆ ನನ್ನ ದಿನದ ಡೇಟಾ ಪೂರ್ತಿ ಖಾಲಿಯಾಗುವುದಿಲ್ಲವೇ?

ಮನೆಯಲ್ಲಿ ವೈಫೈ ಇದ್ದರೆ ಫೋನನ್ನು ಅದಕ್ಕೆ ಸೇರಿಸಿಯೇ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಗ ಫೋನ್ ಆ ವೈಫೈಯನ್ನೇ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ದಾಟಿಸುತ್ತದೆ. ಮೊಬೈಲ್ ಡೇಟಾ ಮುಟ್ಟುವುದಿಲ್ಲ. ಸಿಮ್ ಡೇಟಾವೇ ಗತಿ ಎನ್ನುವವರು ಡ್ರೈವರ್ ಪ್ಯಾಕೇಜ್ ಒಂದನ್ನೇ ಹಾಕಿ ಕೇಬಲ್ ಕೀಳಿರಿ. ಎಲ್ಲ ಪ್ಯಾಕೇಜ್‌ಗಳನ್ನೂ ಹೊಸದಾಗಿಸುವ ‘ಆಪ್ಟ್ ಅಪ್‌ಗ್ರೇಡ್’ ಕೊಟ್ಟಿರೋ, ಕರ್ನಲ್ ಮತ್ತು ಫರ್ಮ್‌ವೇರ್ (ಕಾರ್ಡ್‌ನಂಥ ಬಿಡಿಭಾಗಗಳ ಒಳಗೆ ನಡೆಯುವ ತಂತ್ರಾಂಶ) ಸೇರಿ ನೂರಾರು ಎಂಬಿ ಇಳಿಯತೊಡಗುತ್ತದೆ.

ವಿಂಡೋಸ್‌ನಲ್ಲಿ ವೈಫೈ ಚೆನ್ನಾಗಿಯೇ ಇತ್ತು. ಲಿನಕ್ಸ್ ಹಾಕಿದ್ದರಿಂದ ಕಾರ್ಡ್ ಕೆಟ್ಟುಹೋಯಿತೇ?

ಇಲ್ಲ. ಕಾರಣ ಸಾಮಾನ್ಯವಾಗಿ ನಾಲ್ಕರಲ್ಲೊಂದು: ಫರ್ಮ್‌ವೇರ್ ಫೈಲ್ ಇಲ್ಲ, ಕಾರ್ಡ್‌ಗಿಂತ ಕರ್ನಲ್ ಹಳೆಯದು, ಆ ಕಾರ್ಡ್‌ನ ಡ್ರೈವರ್ ಕರ್ನಲ್‌ನ ಹೊರಗಿದೆ, ಅಥವಾ ಎಲ್ಲೋ ಒಂದು ಸ್ವಿಚ್ ಆಫ್ ಆಗಿದೆ. ನಾಲ್ಕಕ್ಕೂ ಔಷಧ ಬೇರೆ ಬೇರೆ. ಯಾವುದೆಂದು ತಿಳಿಯದೆ ಸಿಕ್ಕ ಸಿಕ್ಕ ಕಮಾಂಡ್‌ಗಳನ್ನು ಹಾಕುವವರೇ ನನ್ನ ಬಳಿ ಹೆಚ್ಚಾಗಿ ಬರುತ್ತಾರೆ. ಅವರ ಲ್ಯಾಪ್‌ಟಾಪ್‌ಗಳಲ್ಲಿ ಮೂಲ ತೊಂದರೆಗಿಂತ ಆ ಕಮಾಂಡ್‌ಗಳು ಮಾಡಿದ ಗೋಜಲನ್ನು ಬಿಡಿಸುವುದೇ ದೊಡ್ಡ ಕೆಲಸ.

ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡಿದ್ದರೆ ಇನ್ನೊಂದು ಸಾಧ್ಯತೆ ಇದೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮುಚ್ಚುವುದಿಲ್ಲ. ಅರೆನಿದ್ದೆಯಲ್ಲಿ ಬಿಟ್ಟ ಕಾರ್ಡ್ ಕೆಲವೊಮ್ಮೆ ಲಿನಕ್ಸ್‌ನ ಮಾತು ಕೇಳುವುದಿಲ್ಲ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿ ಮತ್ತೊಮ್ಮೆ ನೋಡಿ.

ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಡ್ರೈವರ್ ಸಿಡಿ ಇದೆ. ಅದನ್ನೇ ಲಿನಕ್ಸ್‌ನಲ್ಲಿ ಹಾಕಬಹುದೇ?

ಆಗುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಡ್ರೈವರ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಎನ್‌ಡಿಐಎಸ್‌ವ್ರ್ಯಾಪರ್ ಎಂಬ ಸಾಧನ ಹಿಂದೆ ಇತ್ತು. ಇಂದಿನ ಕಾರ್ಡ್‌ಗಳಿಗೆ ಅದರಿಂದ ಪ್ರಯೋಜನವಿಲ್ಲ. ಎಲ್ಲಾದರೂ ಹಳೆಯ ಲೇಖನದಲ್ಲಿ ಅದರ ಹೆಸರು ಕಂಡರೆ ಆ ಲೇಖನವನ್ನು ಮುಚ್ಚಿಬಿಡಿ.

## ಕಾರಣ ಹುಡುಕುವುದು

ನನಗೆ ಯಾವ ಡ್ರೈವರ್ ಬೇಕು ಎಂದು ತಿಳಿಯುವುದು ಹೇಗೆ? ಲ್ಯಾಪ್‌ಟಾಪ್ ಮಾಡೆಲ್ ಹೇಳಿದರೆ ಸಾಕೇ?

ಸಾಲದು. ಒಂದೇ ಮಾಡೆಲ್‌ನಲ್ಲಿ ಒಂದು ಕಂತಿಗೆ ಇಂಟೆಲ್ ಕಾರ್ಡ್, ಇನ್ನೊಂದಕ್ಕೆ ರಿಯಲ್‌ಟೆಕ್ ಹಾಕಿ ಮಾರುವುದು ಮಾಮೂಲು. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂದು ಕೊಡಿ. ಉದ್ದನೆಯ ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲನ್ನು ಹುಡುಕಿ. ಆ ಸಾಲಿನ ಕೊನೆಯ ಹೊತ್ತಿಗೆ ಚೌಕ ಆವರಣದೊಳಗೆ ನಾಲ್ಕು ನಾಲ್ಕು ಅಂಕಿ-ಅಕ್ಷರಗಳ ಒಂದು ಜೋಡಿ ಇರುತ್ತದೆ. ಕಾರ್ಡ್‌ನ ನಿಜವಾದ ಗುರುತು ಅದೇ. ಡಬ್ಬಿಯ ಮೇಲಿನ ಹೆಸರಲ್ಲ.

ಜೋಡಿಯ ಮೊದಲ ಭಾಗ ತಯಾರಕರದು: 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರೋಸ್, 14ಸಿ3 ಮೀಡಿಯಾಟೆಕ್. ಎರಡನೆಯ ಭಾಗ ಚಿಪ್‌ನದು. ‘14ಇ4:4365’ ಇದ್ದರೆ ಬ್ರಾಡ್‌ಕಾಮ್‌ನ ಬಿಸಿಎಂ43142. ‘10ಇಸಿ:ಬಿ852’ ಇದ್ದರೆ ರಿಯಲ್‌ಟೆಕ್ ಆರ್‌ಟಿಎಲ್8852ಬಿಇ.

ಅದರ ಕೆಳಗಿನ ಸಾಲುಗಳನ್ನೂ ಬಿಡಬೇಡಿ. ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂದು ಇದ್ದರೆ ಡ್ರೈವರ್ ಈಗಾಗಲೇ ಕಾರ್ಡನ್ನು ಹಿಡಿದಿದೆ; ನಿಮಗೆ ಬೇಕಾಗಿರುವುದು ಡ್ರೈವರ್ ಅಲ್ಲ, ಫರ್ಮ್‌ವೇರೋ ಸ್ವಿಚ್ಚೋ ಇರಬೇಕು. ಆ ಸಾಲೇ ಇಲ್ಲದಿದ್ದರೆ ಸಾಮಾನ್ಯವಾಗಿ ಕರ್ನಲ್‌ಗೆ ಈ ಕಾರ್ಡ್‌ನ ಪರಿಚಯವಿಲ್ಲ. ಹೊರಗಿನಿಂದ ಚುಚ್ಚುವ ಡಾಂಗಲ್‌ಗಳಿಗೆ ಇದೇ ಕೆಲಸ ಮಾಡುವ ಕಮಾಂಡ್ ‘ಎಲ್‌ಎಸ್‌ಯುಎಸ್‌ಬಿ’.

ಜೊತೆಗೆ ‘ಯುನೇಮ್ -ಆರ್’ ಕೊಟ್ಟು ಕರ್ನಲ್‌ನ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. ಈ ಎರಡು ಮಾಹಿತಿ ಕೈಯಲ್ಲಿಲ್ಲದೆ ಪೆನ್‌ಡ್ರೈವ್ ಹಿಡಿದು ಸೈಬರ್ ಸೆಂಟರ್‌ಗೆ ಹೋದರೆ ಎರಡನೆಯ ಸಲ ಹೋಗಬೇಕಾಗುತ್ತದೆ.

ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆಯೇ? ನನಗೆ ಯಾವುದು ಇಲ್ಲ ಎಂದು ಗೊತ್ತಾಗುವುದು ಹೇಗೆ?

ಬೇರೆ. ಡ್ರೈವರ್ ಲ್ಯಾಪ್‌ಟಾಪಿನ ಪ್ರೊಸೆಸರ್ ಮೇಲೆ, ಕರ್ನಲ್‌ನ ಒಳಗೆ ನಡೆಯುವ ತಂತ್ರಾಂಶ. ಫರ್ಮ್‌ವೇರ್ ವೈಫೈ ಕಾರ್ಡ್‌ನಲ್ಲಿರುವ ಪುಟ್ಟ ಪ್ರೊಸೆಸರ್ ಮೇಲೆ ನಡೆಯುವಂಥದ್ದು. ಕಾರ್ಡ್‌ನಲ್ಲಿ ಅದನ್ನು ಶಾಶ್ವತವಾಗಿ ಇಡುವ ಜಾಗ ಇರುವುದಿಲ್ಲವಾದ್ದರಿಂದ, ಪ್ರತಿ ಸಲ ಬೂಟ್ ಆದಾಗಲೂ ಡ್ರೈವರ್ ‘/ಲಿಬ್/ಫರ್ಮ್‌ವೇರ್’ ಫೋಲ್ಡರ್‌ನಿಂದ ಫೈಲನ್ನು ಎತ್ತಿ ಕಾರ್ಡ್‌ಗೆ ತುಂಬಿಸುತ್ತದೆ. ಡ್ರೈವರ್ ಮುಕ್ತ ತಂತ್ರಾಂಶವಾಗಿದ್ದರೂ ಫರ್ಮ್‌ವೇರ್ ಸಾಮಾನ್ಯವಾಗಿ ತಯಾರಕರ ಮುಚ್ಚಿದ ಫೈಲ್. ಅದಕ್ಕಾಗಿಯೇ ಕೆಲವು ವಿತರಣೆಗಳು ಅದನ್ನು ಬಹುಕಾಲ ಹೊರಗಿಟ್ಟಿದ್ದವು.

‘ಸುಡೊ ಡಿಎಂಇಎಸ್‌ಜಿ | ಗ್ರೆಪ್ -ಐ ಫರ್ಮ್‌ವೇರ್’ ಎಂದು ಕೊಟ್ಟು ನೋಡಿ. ‘ಸುಡೊ’ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ನಡೆಸು ಎಂದು; ‘ಡಿಎಂಇಎಸ್‌ಜಿ’ ಕರ್ನಲ್‌ನ ಸಂದೇಶಗಳನ್ನು ತೋರಿಸುತ್ತದೆ. ಫರ್ಮ್‌ವೇರ್ ತುಂಬಿಸುವುದು ವಿಫಲವಾಗಿ ‘ಎರರ್ -2’ ಬಂದಿದೆ ಎಂಬ ಸಾಲು ಕಂಡರೆ ಸಂತೋಷಪಡಿ. -2 ಎಂದರೆ ಫೈಲ್ ಸಿಗಲಿಲ್ಲ ಎಂದಷ್ಟೇ ಅರ್ಥ; ಯಾವ ಫೈಲ್ ಎಂಬುದೂ ಅದೇ ಸಾಲಿನಲ್ಲಿರುತ್ತದೆ. ಸೋರ್ಸ್‌ನಿಂದ ಡ್ರೈವರ್ ಕಟ್ಟಿಕೊಳ್ಳುವ, ಅಂದರೆ ಕಂಪೈಲ್ ಮಾಡುವ ತಾಪತ್ರಯವಿಲ್ಲ, ಒಂದು ಫೈಲ್ ತಂದಿಟ್ಟರೆ ಮುಗಿಯಿತು.

‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ತೋರಿಸುತ್ತಿದೆ. ಇದಕ್ಕೆ ಯಾವ ಡ್ರೈವರ್?

ಯಾವುದೂ ಬೇಡ. ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಕಮಾಂಡ್ ಎರಡು ಬಗೆಯ ತಡೆಗಳನ್ನು ತೋರಿಸುತ್ತದೆ. ‘ಸಾಫ್ಟ್’ ತಡೆಯನ್ನು ‘ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ತೆಗೆಯುತ್ತದೆ. ‘ಹಾರ್ಡ್’ ತಡೆ ಯಂತ್ರದ್ದು: ಹಳೆಯ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿರುವ ಸಣ್ಣ ಜಾರುಗುಂಡಿ, ಇಲ್ಲವೇ ಕೀಬೋರ್ಡಿನ ವಿಮಾನ ಚಿತ್ರದ ಕೀ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇಂಥ ಗುಂಡಿ ಇದೆ ಎಂಬುದೇ ಗೊತ್ತಿರುವುದಿಲ್ಲ. ಲೆನೊವೊ ಐಡಿಯಾಪ್ಯಾಡ್‌ನ ಕೆಲವು ಮಾಡೆಲ್‌ಗಳಲ್ಲಿ ಗುಂಡಿಯೇ ಇಲ್ಲದಿದ್ದರೂ ಈ ತಡೆ ಸುಳ್ಳಾಗಿ ಕಾಣಿಸುವುದುಂಟು. ಆಗ ‘ಸುಡೊ ಮಾಡ್‌ಪ್ರೋಬ್ -ಆರ್ ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಕೊಟ್ಟು ಆ ಹೆಸರಿನ ಮಾಡ್ಯೂಲನ್ನು (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಣುಕು) ತೆಗೆದು ನೋಡಿ.

ವೈಫೈ ಕಾರ್ಡ್ ಕಾಣುತ್ತಿದೆ, ಆದರೆ ‘ಅನ್‌ಮ್ಯಾನೇಜ್ಡ್’ ಎನ್ನುತ್ತದೆ. ಡ್ರೈವರ್ ಸರಿಯಿಲ್ಲವೇ?

‘ಐಪಿ ಲಿಂಕ್’ ಕೊಟ್ಟಾಗ ಡಬ್ಲ್ಯುಎಲ್ ಎಂದು ಆರಂಭವಾಗುವ ಹೆಸರು ಬಂದರೆ ಡ್ರೈವರ್ ಕೆಲಸ ಮುಗಿಸಿದೆ. ಡೆಬಿಯನ್ ಹಾಕುವಾಗ ವೈಫೈ ವಿವರ ಕೊಟ್ಟಿದ್ದರೆ ಅದು ‘/ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್’ ಫೈಲ್‌ನಲ್ಲಿ ಕುಳಿತಿರಬಹುದು; ಅಲ್ಲಿ ಹೆಸರಿರುವ ಕಾರ್ಡನ್ನು ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ. ಆ ಸಾಲುಗಳ ಮುಂದೆ # ಹಾಕಿ ರೀಬೂಟ್ ಮಾಡಿ.

## ಪೆನ್‌ಡ್ರೈವ್‌ನಲ್ಲಿ ಹೊತ್ತು ತರುವುದು

ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಲ್ಲೇ ಡ್ರೈವರ್‌ಗಳು ಇರುತ್ತವಂತೆ, ನಿಜವೇ?

ಕೆಲವು ಇರುತ್ತವೆ, ಆದ್ದರಿಂದ ಮೊದಲು ಅಲ್ಲಿಯೇ ಹುಡುಕಿ. ಉಬುಂಟು ಡೆಸ್ಕ್‌ಟಾಪ್ ಪೆನ್‌ಡ್ರೈವ್ ತೆರೆದರೆ ‘ಪೂಲ್’ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ‘ರಿಸ್ಟ್ರಿಕ್ಟೆಡ್’ ವಿಭಾಗದಲ್ಲಿ ಬ್ರಾಡ್‌ಕಾಮ್ ಕಾರ್ಡ್‌ಗಳ ಪ್ಯಾಕೇಜ್ ಇದೆಯೇ ನೋಡಿ. ಮಿಂಟ್‌ನಲ್ಲಿ ಇನ್ನೂ ಸುಲಭ: ಇಂಟರ್ನೆಟ್ ಇಲ್ಲದಾಗ ಡ್ರೈವರ್ ಮ್ಯಾನೇಜರ್ ತೆರೆದು, ಲೈವ್ ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಡ್ರೈವರ್ ಹಾಕಿಸಿಕೊಳ್ಳಬಹುದು.

ಡೆಬಿಯನ್‌ನ ಕತೆ ಬೇರೆ. ಮುಕ್ತವಲ್ಲದ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇರಬೇಕೇ ಎಂಬ ಬಗ್ಗೆ ಅಲ್ಲಿನ ಡೆವಲಪರ್‌ಗಳು 2022ರಲ್ಲಿ ಮತ ಹಾಕಿ ಒಪ್ಪಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್ ಜೊತೆಗೇ ಬರುತ್ತಿದೆ. ಫರ್ಮ್‌ವೇರ್ ಅನ್ನು ಬೇರೊಂದು ಪೆನ್‌ಡ್ರೈವ್‌ನಲ್ಲಿ ಕೊಡಿ ಎನ್ನುವ ಸಲಹೆಗಳೆಲ್ಲ ಡೆಬಿಯನ್ 11 ಮತ್ತು ಅದಕ್ಕಿಂತ ಹಿಂದಿನ ಕಾಲದವು. ನನ್ನ ಪ್ರಕಾರ ಡೆಬಿಯನ್ ಇತ್ತೀಚೆಗೆ ತೆಗೆದುಕೊಂಡ ಅತ್ಯಂತ ವಿವೇಕದ ನಿರ್ಧಾರ ಅದು.

ಒಂದು ಡೆಬ್ ಫೈಲ್ (ಉಬುಂಟು, ಡೆಬಿಯನ್‌ಗಳ ಪ್ಯಾಕೇಜ್ ಫೈಲ್) ತಂದರೆ ಇನ್ನೊಂದು ಬೇಕು ಎನ್ನುತ್ತದೆ, ಅದನ್ನು ತಂದರೆ ಮತ್ತೊಂದು. ಇದಕ್ಕೆ ಕೊನೆಯೇ ಇಲ್ಲವೇ?

ಪ್ಯಾಕೇಜ್‌ಗಳ ವಂಶಾವಳಿಯನ್ನು ಕೈಯಿಂದ ಬೆನ್ನಟ್ಟಬಾರದು. ಆ ಕೆಲಸವನ್ನು ಪ್ಯಾಕೇಜ್ ಹುಡುಕಿ ತರುವ ಸಾಧನವಾದ ಆಪ್ಟ್‌ಗೇ ಬಿಡಿ, ಆದರೆ ಇಂಟರ್ನೆಟ್ ಇರುವ ಬೇರೊಂದು ಕಂಪ್ಯೂಟರಿನಲ್ಲಿ.

ನೀವು ಲಿನಕ್ಸ್ ಹಾಕಲು ಬಳಸಿದ ಅದೇ ಪೆನ್‌ಡ್ರೈವ್ ತೆಗೆದುಕೊಂಡು ಸ್ನೇಹಿತರ ಮನೆಗೆ ಹೋಗಿ. ಅವರ ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿ ‘ಟ್ರೈ’ ಆಯ್ಕೆ ಒತ್ತಿ. ಇನ್‌ಸ್ಟಾಲ್ ಗುಂಡಿ ಮುಟ್ಟದಿದ್ದರೆ ಅವರ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಅಲ್ಲಿನ ವೈಫೈಗೆ ಸೇರಿ, ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟು, ಬಳಿಕ ‘ಸುಡೊ ಆಪ್ಟ್-ಗೆಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ’ ಎಂದು ಬರೆದು ಮುಂದೆ ಪ್ಯಾಕೇಜ್ ಹೆಸರು ಹಾಕಿ. ಬೇಕಾದ ಡೆಬ್ ಫೈಲ್‌ಗಳೆಲ್ಲ ‘/ವಿಎಆರ್/ಕ್ಯಾಶ್/ಆಪ್ಟ್/ಆರ್ಕೈವ್ಸ್’ ಫೋಲ್ಡರ್‌ನಲ್ಲಿ ಬಂದು ಕೂರುತ್ತವೆ. ಅವನ್ನು ಎರಡನೆಯ ಪೆನ್‌ಡ್ರೈವ್‌ಗೆ ನಕಲಿಸಿ. ಲೈವ್ ವ್ಯವಸ್ಥೆ ಇರುವುದು ರ‍್ಯಾಮ್‌ನಲ್ಲಿ. ನಕಲಿಸುವ ಮೊದಲು ರೀಬೂಟ್ ಮಾಡಿದರೆ ಎಲ್ಲವೂ ಹೋಯಿತು.

ಮನೆಗೆ ಬಂದು ಆ ಫೈಲ್‌ಗಳಿರುವ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ‘ಸುಡೊ ಡಿಪಿಕೆಜಿ -ಐ *.ಡೆಬ್’ ಕೊಡಿ. ನಕ್ಷತ್ರ ಚಿಹ್ನೆ ಮುಖ್ಯ: ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಯಾವುದು ಮೊದಲು ಎಂಬ ಚಿಂತೆ ನಿಮಗೆ ಇರುವುದಿಲ್ಲ.

ಆಪ್ಟ್-ಆಫ್‌ಲೈನ್ ಎಂಬ ಸಾಧನವನ್ನೂ, ‘--ಪ್ರಿಂಟ್-ಯುಆರ್‌ಐಎಸ್’ ಎಂಬ ಆಯ್ಕೆಯನ್ನೂ ಹಲವರು ಸೂಚಿಸುತ್ತಾರೆ. ಎರಡೂ ಒಳ್ಳೆಯವೇ. ಆದರೆ ಮೊದಲನೆಯದನ್ನು ಹಾಕಲೇ ಇಂಟರ್ನೆಟ್ ಬೇಕು. ಎರಡನೆಯದಕ್ಕೆ ಪ್ಯಾಕೇಜ್ ಪಟ್ಟಿ ಒಮ್ಮೆಯಾದರೂ ಅಪ್‌ಡೇಟ್ ಆಗಿರಬೇಕು. ಹೊಸದಾಗಿ ಹಾಕಿದ ಲ್ಯಾಪ್‌ಟಾಪಿನಲ್ಲಿ ಎರಡೂ ಇರುವುದಿಲ್ಲ.

ಇಂಟೆಲ್ ಕಾರ್ಡ್ ಇದೆ. ಫರ್ಮ್‌ವೇರ್ ಫೈಲ್ ತಂದು ಹಾಕಿದೆ, ಆದರೂ ಅದೇ ಎರರ್. ಏನು ತಪ್ಪಿದೆ?

ಮೊದಲು ಫೈಲ್‌ನ ಗಾತ್ರ ನೋಡಿ. ಹಲವರು ಫೈಲ್‌ನ ಬದಲು ಅದನ್ನು ತೋರಿಸುವ ವೆಬ್ ಪುಟವನ್ನೇ ಅದೇ ಹೆಸರಿನಲ್ಲಿ ಉಳಿಸಿಕೊಂಡಿರುತ್ತಾರೆ. ಇಂಟೆಲ್‌ನ ಫರ್ಮ್‌ವೇರ್ ನೂರಾರು ಕೆಬಿಯಿಂದ ಒಂದು ಎಂಬಿಗೂ ಮೇಲೆ ಇರುತ್ತದೆ. ಕೆಲವೇ ಕೆಬಿ ಇದ್ದರೆ ನೀವು ತಂದಿರುವುದು ಪುಟ.

ಗಾತ್ರ ಸರಿ ಇದ್ದರೆ ಹೆಸರು ನೋಡಿ. ಇಂಟೆಲ್‌ನ ಐಡಬ್ಲ್ಯುಎಲ್‌ವೈಫೈ ಡ್ರೈವರ್‌ನ ಫೈಲ್ ಹೆಸರುಗಳ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಸಂಖ್ಯೆಯ ಆವೃತ್ತಿ ನನಗೆ ಆಗುತ್ತದೆ ಎಂದು ಡ್ರೈವರ್ ಡಿಎಂಇಎಸ್‌ಜಿಯಲ್ಲಿ ಹೇಳಿರುತ್ತದೆ. ಆ ಎರಡರ ನಡುವಿನ ಸಂಖ್ಯೆಯದ್ದನ್ನೇ ತರಬೇಕು. ಇನ್ನೂ ಹೊಸದಿರಲಿ ಎಂದು ಗರಿಷ್ಠವನ್ನು ಮೀರಿದ್ದನ್ನು ತಂದರೆ ಡ್ರೈವರ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಫೈಲನ್ನು ಸುಡೊ ಬಳಸಿ ‘/ಲಿಬ್/ಫರ್ಮ್‌ವೇರ್’ ಒಳಗೆ ಹಾಕಿ, ಉಪಫೋಲ್ಡರ್ ಮಾಡದೆ, ರೀಬೂಟ್ ಮಾಡಿ. ಡೆಬಿಯನ್‌ನಲ್ಲಿ ಇಷ್ಟೆಲ್ಲ ಬೇಡ: ‘ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ’ ಎಂಬ ಒಂದೇ ಪ್ಯಾಕೇಜ್ ಸಾಕು.

ಬ್ರಾಡ್‌ಕಾಮ್ ಕಾರ್ಡ್ ಎಂದ ಕೂಡಲೇ ಎಲ್ಲರೂ ತಲೆ ಚಚ್ಚಿಕೊಳ್ಳುತ್ತಾರೆ. ಏಕೆ?

ಚಚ್ಚಿಕೊಳ್ಳಲು ಕಾರಣವಿದೆ. ಒಂದೇ ಕಂಪನಿಯ ಕಾರ್ಡ್‌ಗಳಿಗೆ ಹಲವು ಡ್ರೈವರ್‌ಗಳಿವೆ, ಮತ್ತು ಅವು ಪರಸ್ಪರ ಹೊಂದುವುದಿಲ್ಲ.

ಬಿಸಿಎಂ4311, ಬಿಸಿಎಂ4318ರಂಥ ಹಳೆಯ ಚಿಪ್‌ಗಳಿಗೆ ಬಿ43 ಎಂಬ ಮುಕ್ತ ಡ್ರೈವರ್ ಕರ್ನಲ್‌ನಲ್ಲೇ ಇದೆ. ಆದರೆ ಅದರ ಫರ್ಮ್‌ವೇರ್ ಹಂಚಲು ಪರವಾನಗಿ ಇಲ್ಲವಾದ್ದರಿಂದ ಬ್ರಾಡ್‌ಕಾಮ್‌ನ ಇನ್ನೊಂದು ಡ್ರೈವರ್ ಫೈಲ್‌ನಿಂದ ಅದನ್ನು ಕತ್ತರಿಸಿ ತೆಗೆಯಬೇಕು. ಆ ಕತ್ತರಿಯ ಹೆಸರು ಬಿ43-ಎಫ್‌ಡಬ್ಲ್ಯುಕಟರ್. ಡೆಬಿಯನ್‌ನ ‘ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್’ ಪ್ಯಾಕೇಜನ್ನು ಪೆನ್‌ಡ್ರೈವ್‌ನಲ್ಲಿ ತಂದು ಬೇಸ್ತು ಬೀಳಬೇಡಿ. ಅದು ಹಾಕುವ ಹೊತ್ತಿನಲ್ಲಿ ಇಂಟರ್ನೆಟ್‌ನಿಂದ ಫೈಲ್ ಇಳಿಸಲು ನೋಡುತ್ತದೆ.

ಬಿಸಿಎಂ43142, ಮ್ಯಾಕ್‌ಬುಕ್‌ಗಳಲ್ಲಿರುವ ಬಿಸಿಎಂ4360 ಮುಂತಾದವಕ್ಕೆ ಬೇಕಾಗುವುದು ಡಬ್ಲ್ಯುಎಲ್ ಎಂಬ ಮುಚ್ಚಿದ ಡ್ರೈವರ್. ಉಬುಂಟುವಿನಲ್ಲಿ ಅದು ‘ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್’, ಡೆಬಿಯನ್‌ನಲ್ಲಿ ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’. ಬ್ರಾಡ್‌ಕಾಮ್ ಇದರ ಹೊಸ ಆವೃತ್ತಿ ಬಿಟ್ಟದ್ದು 2015ರಲ್ಲಿ. ಅಲ್ಲಿಂದ ಈಚೆಗೆ ಪ್ರತಿ ಹೊಸ ಕರ್ನಲ್‌ಗೂ ವಿತರಣೆಗಳ ಸ್ವಯಂಸೇವಕರೇ ತೇಪೆ ಹಚ್ಚುತ್ತಾ ಬಂದಿದ್ದಾರೆ. ಹಾಗಾಗಿ ನಿಮ್ಮ ಉಬುಂಟು ಆವೃತ್ತಿಗೆಂದೇ ಇರುವ ಪ್ಯಾಕೇಜ್ ತನ್ನಿರಿ. ಹಳೆಯ ಆವೃತ್ತಿಯ ಡೆಬ್ ಹೊಸ ಕರ್ನಲ್‌ನಲ್ಲಿ ಕಂಪೈಲ್ ಆಗುವುದಿಲ್ಲ.

ಹೊಸ ಲ್ಯಾಪ್‌ಟಾಪ್, ರಿಯಲ್‌ಟೆಕ್ ಕಾರ್ಡ್. ಗಿಟ್‌ಹಬ್‌ನಿಂದ ಡ್ರೈವರ್ ತಂದು ಕಂಪೈಲ್ ಮಾಡಲೇಬೇಕೇ?

ಮೊದಲು ಕರ್ನಲ್‌ನ ವಯಸ್ಸು ನೋಡಿ. ಆರ್‌ಟಿಎಲ್8822ಬಿಇ ಚಿಪ್‌ಗೆ ಕರ್ನಲ್ 5.2ರಿಂದ, ಆರ್‌ಟಿಎಲ್8821ಸಿಇಗೆ 5.9ರಿಂದ, ಆರ್‌ಟಿಎಲ್8852ಎಇಗೆ 5.16ರಿಂದ, ಆರ್‌ಟಿಎಲ್8852ಬಿಇಗೆ 6.2ರಿಂದ ಡ್ರೈವರ್ ಒಳಗೇ ಇದೆ. ಮೀಡಿಯಾಟೆಕ್ ಎಂಟಿ7921ಕ್ಕೆ 5.12ರಿಂದ.

ಈಗ ಲೆಕ್ಕ ಹಾಕಿ. ಉಬುಂಟು 20.04 ಮೊದಲು ಬಂದದ್ದು ಕರ್ನಲ್ 5.4 ಜೊತೆ, 22.04 ಬಂದದ್ದು 5.15 ಜೊತೆ; 24.04 ಮತ್ತು ಮಿಂಟ್ 22 ಬಂದದ್ದು 6.8 ಜೊತೆ. ಡೆಬಿಯನ್ 12ರದು 6.1, ಡೆಬಿಯನ್ 13ರದು 6.12. ಆರ್‌ಟಿಎಲ್8852ಬಿಇ ಇರುವ ಲ್ಯಾಪ್‌ಟಾಪ್‌ಗೆ ಡೆಬಿಯನ್ 12 ಹಾಕಿದವರು ಒಂದೇ ಒಂದು ಆವೃತ್ತಿಯಿಂದ ಡ್ರೈವರ್ ತಪ್ಪಿಸಿಕೊಂಡಿದ್ದಾರೆ. ಅಂಥವರು ಕಂಪೈಲರ್, ಹೆಡರ್, ಸೋರ್ಸ್ ಎಂದು ಹೊತ್ತು ತರುವ ಬದಲು ಹೊಸ ಆವೃತ್ತಿಯ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಒಂದನ್ನೇ ತಂದು ಹಾಕಿಕೊಳ್ಳುವುದು ಲೇಸು. ಹಾಕುವ ಮೊದಲು ಲೈವ್ ಆಗಿ ಬೂಟ್ ಮಾಡಿ ವೈಫೈ ಹೆಸರುಗಳು ಕಾಣುತ್ತವೆಯೇ ನೋಡಿದರೆ ಅಲ್ಲಿಯೇ ತೀರ್ಮಾನವಾಗುತ್ತದೆ.

ಉಬುಂಟು 22.04ನ್ನೇ ಇಟ್ಟುಕೊಳ್ಳಬೇಕಾದವರಿಗೂ ದಾರಿ ಇದೆ: 2024ರ ಸೆಪ್ಟೆಂಬರ್‌ನಲ್ಲಿ ಬಂದ 22.04.5 ಐಎಸ್‌ಒದಲ್ಲಿರುವುದು 6.8 ಕರ್ನಲ್.

ಸೋರ್ಸ್ ಜಿಪ್ ತಂದು ‘ಮೇಕ್’ ಕೊಟ್ಟರೆ ‘ಬಿಲ್ಡ್’ ಫೋಲ್ಡರ್ ಇಲ್ಲ ಎನ್ನುತ್ತದೆ. ಎಲ್ಲಿಂದ ತರಲಿ?

ಅದು ಕರ್ನಲ್ ಹೆಡರ್‌ಗಳ, ಅಂದರೆ ಡ್ರೈವರ್ ಕಂಪೈಲ್ ಮಾಡಲು ಬೇಕಾದ ಕರ್ನಲ್ ಫೈಲ್‌ಗಳ ಕೊರತೆ. ಉಬುಂಟು ಅವನ್ನು ಸಾಮಾನ್ಯವಾಗಿ ಜೊತೆಗೇ ಹಾಕುತ್ತದೆ, ಡೆಬಿಯನ್ ಹಾಕುವುದಿಲ್ಲ. ‘ಲಿನಕ್ಸ್-ಹೆಡರ್ಸ್-’ ಎಂದಾದ ಮೇಲೆ ನಿಮ್ಮ ‘ಯುನೇಮ್ -ಆರ್’ ತೋರಿಸಿದ್ದು ಅಕ್ಷರಶಃ ಅದೇ ಇರಬೇಕು; ಕೊನೆಯ ಒಂದು ಅಂಕಿ ಬೇರೆಯಾದರೂ ಕಂಪೈಲ್ ಆದದ್ದು ನಿಮ್ಮ ಕರ್ನಲ್‌ಗೆ ಕೂರುವುದಿಲ್ಲ. ಹೆಡರ್ ಜೊತೆ ‘ಬಿಲ್ಡ್-ಎಸೆನ್ಷಿಯಲ್’ ಮತ್ತು ‘ಡಿಕೆಎಂಎಸ್’ (ಕರ್ನಲ್ ಬದಲಾದಾಗ ಹೊರಗಿನ ಡ್ರೈವರನ್ನು ತಾನೇ ಮತ್ತೆ ಕಟ್ಟುವ ಸಾಧನ) ಪ್ಯಾಕೇಜ್‌ಗಳೂ ಬೇಕು. ಸ್ನೇಹಿತರ ಕಂಪ್ಯೂಟರಿನಲ್ಲಿ ಲೈವ್ ಪೆನ್‌ಡ್ರೈವ್‌ನಿಂದ ಇಳಿಸುವ ಕ್ರಮ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಲೈವ್ ವ್ಯವಸ್ಥೆಯ ಕರ್ನಲ್ಲೂ ಅದರಿಂದ ಹೊಸದಾಗಿ ಹಾಕಿದ ಲ್ಯಾಪ್‌ಟಾಪಿನ ಕರ್ನಲ್ಲೂ ಒಂದೇ.

ಸೋರ್ಸ್ ಜಿಪ್ ಅಥವಾ ಟಾರ್ ಫೈಲನ್ನು ವಿಂಡೋಸ್‌ನಲ್ಲಿ ಬಿಚ್ಚಬೇಡಿ. ಫೈಲ್‌ಗಳ ಅನುಮತಿಗಳು, ಕೊಂಡಿಗಳು ಅಲ್ಲಿ ಉಳಿಯುವುದಿಲ್ಲ. ಕಟ್ಟಿದ ಗಂಟನ್ನು ಹಾಗೆಯೇ ತಂದು ಲಿನಕ್ಸ್‌ನಲ್ಲಿ ಬಿಚ್ಚಿ, ಅದೂ ಪೆನ್‌ಡ್ರೈವ್‌ನಲ್ಲಿ ಅಲ್ಲ, ಹೋಮ್ ಫೋಲ್ಡರ್‌ನಲ್ಲಿ.

## ಇನ್ನೂ ಸ್ವಲ್ಪ ಆಳಕ್ಕೆ

ಎಲ್ಲವೂ ಸರಿಯಾಗಿ ಇನ್‌ಸ್ಟಾಲ್ ಆಯಿತು, ಆದರೆ ಮಾಡ್‌ಪ್ರೋಬ್ ಕೊಟ್ಟರೆ ‘ಕೀ’ ತಿರಸ್ಕೃತವಾಗಿದೆ ಎನ್ನುತ್ತದೆ. ಏನಿದು?

ಸೆಕ್ಯೂರ್ ಬೂಟ್. ಸಹಿ ಇಲ್ಲದ ಮಾಡ್ಯೂಲ್‌ಗಳನ್ನು ಕರ್ನಲ್ ಒಳಗೆ ಬಿಡುತ್ತಿಲ್ಲ. ನೀವೇ ಕಂಪೈಲ್ ಮಾಡಿದ್ದಕ್ಕೂ ಡಿಕೆಎಂಎಸ್ ಮಾಡಿಕೊಟ್ಟದ್ದಕ್ಕೂ ಇದು ಅನ್ವಯ.

ಉಬುಂಟುವಿನಲ್ಲಿ ಇಂಥ ಪ್ಯಾಕೇಜ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಲಾಗುತ್ತದೆ. ಅದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದು ಸಲದ ಬಳಕೆಗೆ ನೀವೇ ಕೊಡುವಂಥದ್ದು. ರೀಬೂಟ್ ಆದಾಗ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ (ಸಹಿಯ ಕೀಯನ್ನು ನೋಂದಾಯಿಸುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಹತ್ತು ಸೆಕೆಂಡು ಕಾದು ಮುಂದೆ ಹೋಗಿಬಿಡುತ್ತದೆ. ರೀಬೂಟ್ ಕೊಟ್ಟು ಕಾಫಿಗೆ ಎದ್ದವರಿಗೆ ಅದು ಕಾಣುವುದೇ ಇಲ್ಲ. ತಪ್ಪಿಹೋದರೆ ಉಬುಂಟುವಿನಲ್ಲಿ ‘ಸುಡೊ ಎಂಒಕೆಯುಟಿಲ್ --ಇಂಪೋರ್ಟ್ /ವಿಎಆರ್/ಲಿಬ್/ಶಿಮ್-ಸೈನ್ಡ್/ಎಂಒಕೆ/ಎಂಒಕೆ.ಡಿಇಆರ್’ ಎಂದು ಕೊಟ್ಟು ಮತ್ತೆ ರೀಬೂಟ್ ಮಾಡಿ; ಇದರಲ್ಲಿ ಕೊನೆಯ ‘ಎಂಒಕೆ’ ಮಾತ್ರ ದೊಡ್ಡ ಅಕ್ಷರದ್ದು.

ಸೆಕ್ಯೂರ್ ಬೂಟನ್ನೇ ಆಫ್ ಮಾಡಿದರೂ ಡ್ರೈವರ್ ಕೂರುತ್ತದೆ. ಆದರೆ ಪಕ್ಕದಲ್ಲಿ ವಿಂಡೋಸ್ ಇದ್ದು ಅದಕ್ಕೆ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಹಾಕಿದ್ದರೆ ಮುಂದಿನ ಸಲ ಅದು ರಿಕವರಿ ಕೀ ಕೇಳುತ್ತದೆ. ಕೀ ಎಲ್ಲಿದೆ ಎಂದು ಗೊತ್ತಿಲ್ಲದೆ ಬಯಾಸ್‌ಗೆ ಕೈ ಹಾಕಬೇಡಿ.

ನಿನ್ನೆಯವರೆಗೆ ವೈಫೈ ಇತ್ತು. ಅಪ್‌ಡೇಟ್ ಆದ ಮೇಲೆ ಮಾಯ. ಈಗ ಇಂಟರ್ನೆಟ್ಟೂ ಇಲ್ಲ, ಏನು ಮಾಡಲಿ?

ಹೊಸ ಕರ್ನಲ್ ಬಂದಿದೆ, ಅದಕ್ಕೆ ನಿಮ್ಮ ಹೊರಗಿನ ಡ್ರೈವರ್ ಕಟ್ಟಲಾಗಿಲ್ಲ. ಹಳೆಯ ಕರ್ನಲ್ ಇನ್ನೂ ಡಿಸ್ಕ್‌ನಲ್ಲಿದೆ. ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಆರಿಸಿ ಹಿಂದಿನ ಕರ್ನಲ್‌ನಿಂದ ಬನ್ನಿ. ಮೆನು ಕಾಣದಿದ್ದರೆ ಬೂಟ್ ಆರಂಭದಲ್ಲಿ ಎಸ್ಕೇಪ್ ಕೀ ಒತ್ತಿ. ವೈಫೈ ಮರಳಿದ ಮೇಲೆ ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ಹೊಸ ಕರ್ನಲ್‌ನ ಹೆಸರಿನ ಮುಂದೆ ‘ಇನ್‌ಸ್ಟಾಲ್ಡ್’ ಎಂದಿದೆಯೇ ನೋಡಿ. ಇಲ್ಲದಿದ್ದರೆ ಆ ಕರ್ನಲ್‌ನ ಹೆಡರ್ ಬಂದಿಲ್ಲವೆಂದೋ ಡ್ರೈವರ್ ಅದಕ್ಕೆ ಹಳತಾಯಿತೆಂದೋ ಅರ್ಥ. ಡಿಕೆಎಂಎಸ್ ಬಳಸದೆ ಬರೀ ‘ಮೇಕ್ ಇನ್‌ಸ್ಟಾಲ್’ ಮಾಡಿದವರಿಗೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಇದೇ ಪಾಡು.

ನಾನು ಫೆಡೋರಾ, ನನ್ನ ರೂಮ್‌ಮೇಟ್ ಆರ್ಚ್. ನಮಗೆ ಏನು ಹೇಳುತ್ತೀರಿ?

ಫೆಡೋರಾದಲ್ಲಿ ಇಂಟರ್ನೆಟ್ ಇರುವ ಇನ್ನೊಂದು ಫೆಡೋರಾದಿಂದ ‘ಡಿಎನ್‌ಎಫ್ ಡೌನ್‌ಲೋಡ್ --ರಿಸಾಲ್ವ್’ ಬಳಸಿ ಆರ್‌ಪಿಎಂಗಳನ್ನು (ಫೆಡೋರಾದ ಪ್ಯಾಕೇಜ್ ಫೈಲ್‌ಗಳು) ತರಬಹುದು. ಬ್ರಾಡ್‌ಕಾಮ್‌ನ ಡಬ್ಲ್ಯುಎಲ್ ಮಾತ್ರ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಲ್ಲಿದೆ. ಆರ್ಚ್‌ನಲ್ಲಿ ಐಎಸ್‌ಒದಿಂದ ಬೂಟ್ ಮಾಡಿದಾಗ ವೈಫೈ ಇದ್ದು ಇನ್‌ಸ್ಟಾಲ್ ಆದ ಮೇಲೆ ಇಲ್ಲದಿದ್ದರೆ, ಬಹುಶಃ ‘ಲಿನಕ್ಸ್-ಫರ್ಮ್‌ವೇರ್’ ಅಥವಾ ‘ನೆಟ್‌ವರ್ಕ್‌ಮ್ಯಾನೇಜರ್’ ಹಾಕಲು ಮರೆತಿದ್ದೀರಿ. ಐಎಸ್‌ಒದಿಂದ ಮತ್ತೆ ಬೂಟ್ ಮಾಡಿ, ಆರ್ಚ್-ಸಿಎಚ್‌ರೂಟ್ ಮೂಲಕ ಒಳಹೋಗಿ ಹಾಕಿ.

ಇಷ್ಟೆಲ್ಲ ಏಕೆ, ಒಂದು ಯುಎಸ್‌ಬಿ ಡಾಂಗಲ್ ಕೊಂಡರೆ ಆಗದೇ?

ಆಗುತ್ತದೆ, ಚಿಪ್ ನೋಡಿ ಕೊಂಡರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೆಬ್ಬೆರಳ ಗಾತ್ರದ ಡಾಂಗಲ್‌ಗಳು ರಾಶಿ ಬಿದ್ದಿರುತ್ತವೆ. ಚಿಪ್ ಯಾವುದೆಂದು ಡಬ್ಬಿಯ ಮೇಲೂ ಇರುವುದಿಲ್ಲ, ಕೇಳಿದರೆ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ‘ಲಿನಕ್ಸ್ ಬೆಂಬಲ’ ಎಂದು ಅಚ್ಚು ಹಾಕಿದ್ದರೆ ಅದರ ಅರ್ಥ, ಯಾವುದೋ ಕಾಲದ ಕರ್ನಲ್‌ಗೆ ಕಂಪೈಲ್ ಮಾಡಬೇಕಾದ ಸೋರ್ಸ್ ಸಿಡಿಯಲ್ಲಿದೆ ಎಂದಿರಬಹುದು.

ಅಥೆರೋಸ್ ಎಆರ್9271, ಮೀಡಿಯಾಟೆಕ್ ಎಂಟಿ7612ಯು, ಎಂಟಿ7921ಎಯು ಚಿಪ್‌ಗಳ ಡ್ರೈವರ್ ಕರ್ನಲ್‌ನಲ್ಲೇ ಇದೆ: ಎಂಟಿ7612ಯುಗೆ ಕರ್ನಲ್ 4.19ರಿಂದ, ಎಂಟಿ7921ಎಯುಗೆ 5.18ರಿಂದ. ಎಆರ್9271 ಹಳೆಯದು, 2.4 ಗಿಗಾಹರ್ಟ್ಸ್ ಮಾತ್ರ, ಆದರೆ ಹಟವಿಲ್ಲದ ಚಿಪ್. ಮಾಡೆಲ್ ಹೆಸರನ್ನು ನಂಬಬೇಡಿ: ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಮೊದಲ ಆವೃತ್ತಿಯಲ್ಲಿ ಎಆರ್9271 ಇತ್ತು, ಎರಡನೆಯ ಆವೃತ್ತಿಯಿಂದ ಅದೇ ಹೆಸರಿನಲ್ಲಿ ರಿಯಲ್‌ಟೆಕ್ ಬಂತು.

ಚುಚ್ಚಿದ ಡಾಂಗಲ್ ವೈಫೈ ಆಗಿ ಕಾಣದೆ ಸಿಡಿ ಡ್ರೈವ್‌ನಂತೆ ಕಂಡರೆ ಹೆದರಬೇಡಿ. ವಿಂಡೋಸ್ ಡ್ರೈವರ್ ತೋರಿಸಲು ಅದು ಹಾಕುವ ವೇಷ ಅದು. ಫೈಲ್ ಮ್ಯಾನೇಜರ್‌ನಲ್ಲಿ ‘ಎಜೆಕ್ಟ್’ ಒತ್ತಿದರೆ ವೈಫೈ ರೂಪಕ್ಕೆ ಮರಳುತ್ತದೆ.

ಸರ್, ನಮ್ಮ ಶಾಲೆಗೆ ಒಂದೇ ಬಗೆಯ ಹಳೆಯ ಲ್ಯಾಪ್‌ಟಾಪ್‌ಗಳು ದಾನವಾಗಿ ಬಂದಿವೆ. ಪ್ರತಿಯೊಂದಕ್ಕೂ ಇಷ್ಟೇ ಪಾಡು ಪಡಬೇಕೇ?

ಬೇಡ. ಆದರೆ ಒಂದೇ ಬಗೆ ಎಂದು ಭಾವಿಸದೆ ಪ್ರತಿಯೊಂದರಲ್ಲೂ ‘ಎಲ್‌ಎಸ್‌ಪಿಸಿಐ’ ಓಡಿಸಿ ಕಾರ್ಡ್‌ನ ಗುರುತನ್ನು ಬರೆದುಕೊಳ್ಳಿ. ಒಂದರಲ್ಲಿ ವೈಫೈ ಸರಿಹೋದ ಮೇಲೆ ಅದಕ್ಕೆ ಬಳಸಿದ ಡೆಬ್ ಫೈಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ, ಉಬುಂಟು ಆವೃತ್ತಿ ಮತ್ತು ಕರ್ನಲ್ ಸಂಖ್ಯೆಯನ್ನೇ ಫೋಲ್ಡರ್ ಹೆಸರಾಗಿ ಇಡಿ. ಉಳಿದವಕ್ಕೆ ಅದೇ ಐಎಸ್‌ಒ, ಅದೇ ಫೋಲ್ಡರ್, ಅದೇ ಒಂದು ಡಿಪಿಕೆಜಿ ಕಮಾಂಡ್. ಪೂರ್ತಿ ಡಿಸ್ಕನ್ನು ಕ್ಲೋನ್‌ಜಿಲ್ಲಾದಿಂದ ಪ್ರತಿ ಮಾಡುವುದೂ ಆಗುತ್ತದೆ. ಸೆಕ್ಯೂರ್ ಬೂಟ್ ಕೀಯನ್ನು ಮಾತ್ರ ಪ್ರತಿ ಯಂತ್ರದಲ್ಲೂ ಬೇರೆಯಾಗಿ ನೋಂದಾಯಿಸಬೇಕು, ಏಕೆಂದರೆ ಅದು ಇರುವುದು ಡಿಸ್ಕ್‌ನಲ್ಲಲ್ಲ, ಮದರ್‌ಬೋರ್ಡ್‌ನಲ್ಲಿ.

ಏನು ಮಾಡಿದರೂ ಆಗಲಿಲ್ಲ. ಗೊತ್ತಿರುವವರನ್ನು ಕೇಳುವಾಗ ಏನೇನು ಕಳುಹಿಸಬೇಕು?

ವಿತರಣೆಯ ಹೆಸರು ಮತ್ತು ಆವೃತ್ತಿ, ‘ಯುನೇಮ್ -ಆರ್’, ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’, ‘ಆರ್‌ಎಫ್‌ಕಿಲ್ ಲಿಸ್ಟ್’, ‘ಎಂಒಕೆಯುಟಿಲ್ --ಎಸ್‌ಬಿ-ಸ್ಟೇಟ್’ ಮತ್ತು ‘ಸುಡೊ ಡಿಎಂಇಎಸ್‌ಜಿ’ ಕೊಟ್ಟಾಗ ಬಂದದ್ದು. ಪ್ರತಿ ಕಮಾಂಡ್‌ನ ಕೊನೆಯಲ್ಲಿ > ಚಿಹ್ನೆ ಹಾಕಿ ಒಂದು ಫೈಲ್ ಹೆಸರು ಬರೆದರೆ ಉತ್ತರ ಪರದೆಯ ಬದಲು ಆ ಫೈಲ್‌ಗೆ ಹೋಗುತ್ತದೆ. ಅವನ್ನು ಪೆನ್‌ಡ್ರೈವ್‌ನಲ್ಲಿ ಫೋನಿಗೋ ಬೇರೆ ಕಂಪ್ಯೂಟರಿಗೋ ದಾಟಿಸಿ. ಪರದೆಯ ಫೋಟೊ ತೆಗೆದರೂ ನಡೆಯುತ್ತದೆ, ಅಂಚುಗಳನ್ನು ಕತ್ತರಿಸದಿದ್ದರೆ. ಈಗಾಗಲೇ ಯಾವ ಯಾವ ಕಮಾಂಡ್ ಹಾಕಿದ್ದೀರಿ ಎಂಬುದನ್ನು ಮುಚ್ಚಿಡದೆ ಬರೆಯಿರಿ. ಡಿಎಂಇಎಸ್‌ಜಿಯಲ್ಲಿ ನಿಮ್ಮ ಕಾರ್ಡ್‌ನ ಮ್ಯಾಕ್ ವಿಳಾಸವೂ ಇರುತ್ತದೆ. ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕುವುದಾದರೆ ಅದನ್ನು ಅಳಿಸಿ.